ಮಿಠ್ಠು ಎಂಬುದು ಹೆಸರಲ್ಲ

ಡೊಂಬಿವಲಿಯ ಹಳೆಯ ಚಾಳ್‌ನ ಗ್ಯಾಲರಿಯಲ್ಲಾಗಲಿ, ಥಾಣೆಯ ಘೋಡ್‌ಬಂದರ್ ರಸ್ತೆಯ ಇಪ್ಪತ್ತನೆಯ ಮಹಡಿಯಲ್ಲಾಗಲಿ, ಕಲ್ಯಾಣದ ಕಿರಾಣಿ ಅಂಗಡಿಯ ಮುಂಗಟ್ಟಿನಲ್ಲಾಗಲಿ, ನೆರೂಲಿನ ಸಾಲುಮನೆಯ ಬಾಗಿಲಲ್ಲಾಗಲಿ ಪಂಜರವೊಂದು ತೂಗುತ್ತಿದ್ದರೆ ಒಳಗಿರುವ ಗಿಳಿಯ ಹೆಸರನ್ನು ಕೇಳಿ ನೋಡಿ. ಬಹುಪಾಲು ಕಡೆ ಬರುವ ಉತ್ತರ ಒಂದೇ: ಮಿಠ್ಠು. ಹಿಂದಿನದು ಸತ್ತ ಮೇಲೆ ತಂದ ಗಿಳಿಯೂ ಮಿಠ್ಠು, ಎದುರು ಮನೆಯದೂ ಮಿಠ್ಠು. ಕನ್ನಡದ ಮನೆ, ಮರಾಠಿಯ ಮನೆ, ಗುಜರಾತಿಯ ಮನೆ ಎಂಬ ಭೇದ ಇಲ್ಲಿಲ್ಲ. ಹೆಸರಿಡುವುದೆಂದರೆ ಒಂದು ಜೀವವನ್ನು ಉಳಿದ ಜೀವಗಳಿಂದ ಬೇರೆಯಾಗಿ ಗುರುತಿಸುವುದು. ಎಲ್ಲಕ್ಕೂ ಒಂದೇ ಹೆಸರಿಟ್ಟವರು ಇನ್ನೂ ಗುರುತಿಸುವ ಕೆಲಸಕ್ಕೇ ಕೈಹಾಕಿಲ್ಲ ಎಂದು ಅರ್ಥ.

ಈ ಬರಹದಲ್ಲಿ ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರತಿಯೊಂದು ಗಿಳಿಗೂ ತನ್ನದೇ ಸ್ವಭಾವವಿದೆ, ತನ್ನದೇ ಒಲವು, ಹಟ, ಭಯಗಳಿವೆ. ಗಿಳಿಯೊಡನೆ ಬಾಳುವವರು ಆ ಸ್ವಭಾವಕ್ಕೆ ಮನೆಯೊಳಗೆ ಜಾಗ ಮಾಡಿಕೊಡಬೇಕು. ಅದು ಆಗದವರು ಗಿಳಿಯನ್ನು ತರಬಾರದು. ಇನ್ನು ನಮ್ಮ ನಾಡಿನ ಹಸಿರು ಗಿಳಿಯನ್ನಂತೂ ಯಾರೂ ತರಬಾರದು. ಸಾಕುವವರಿಗೂ ಸಾಕದವರಿಗೂ ಈ ಮಾತು ಸಮನಾಗಿ ಇಷ್ಟವಾಗಲಾರದೆಂದು ನಮಗೆ ಗೊತ್ತು.

ತಪ್ಪು ಪಂಜರದಲ್ಲಿ ಶುರುವಾದದ್ದಲ್ಲ, ನಮ್ಮ ಭಾಷೆಗಳಲ್ಲೇ ಶುರುವಾದದ್ದು. ಅರ್ಥವರಿಯದೆ ಒಪ್ಪಿಸುವುದನ್ನು ನಾವು ‘ಗಿಳಿಪಾಠ’ ಎನ್ನುತ್ತೇವೆ. ನಮ್ಮ ಸುತ್ತಲಿನ ಮರಾಠಿಯವರು ಅದನ್ನೇ ‘ಪೋಪಟ್‌ಪಂಚಿ’ ಎನ್ನುತ್ತಾರೆ. ಲೋಕಲ್ ಟ್ರೇನಿನಲ್ಲಿ ಯಾರಾದರೂ ಪೇಚಿಗೆ ಸಿಕ್ಕರೆ ‘ಪೋಪಟ್ ಝಾಲಾ’ ಎಂದು ನಗುವುದು ದಿನನಿತ್ಯದ ಮಾತು. 2013ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸಿಬಿಐಯನ್ನು ಪಂಜರದ ಗಿಳಿಗೆ ಹೋಲಿಸಿದಾಗ ಆ ಉಪಮೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ವಚನಕಾರರೂ ಗಿಳಿಯ ಓದನ್ನು ಫಲವಿಲ್ಲದ ಓದಿಗೆ ಉದಾಹರಣೆಯಾಗಿ ಬಳಸಿದ್ದುಂಟು. ಉಪಮೆಗಳು ಉಪಮೆಗಳಾಗಿ ಇರಲಿ. ಅವು ಹೇಳುವುದು ಮನುಷ್ಯರ ಬಗೆಗೆ. ಆದರೆ ಸಾವಿರ ಸಲ ಕೇಳಿದ ಉಪಮೆ ಕಡೆಗೆ ಪ್ರಾಣಿಶಾಸ್ತ್ರದ ಸತ್ಯದಂತೆ ತಲೆಯಲ್ಲಿ ಕೂತುಬಿಡುತ್ತದೆ. ಗಿಳಿ ಎಂದರೆ ಬುದ್ಧಿಯಿಲ್ಲದ ಧ್ವನಿಮುದ್ರಣ ಯಂತ್ರ ಎಂದು ನಂಬಿದವರು ಅದನ್ನು ಯಂತ್ರದಂತೆಯೇ ನಡೆಸಿಕೊಳ್ಳುತ್ತಾರೆ. ಗುಂಡಿ ಒತ್ತಿದಾಗ ನುಡಿಯದಿದ್ದರೆ ಅಂಗಡಿಯವನು ಮೋಸ ಮಾಡಿದನೆಂದು ದೂರುತ್ತಾರೆ.

ನಮ್ಮ ಸಾಹಿತ್ಯದಲ್ಲೇ ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಇದೆ. ಏಳನೆಯ ಶತಮಾನದ ಬಾಣಭಟ್ಟನ ‘ಕಾದಂಬರಿ’ಯನ್ನು ನೆನೆಯಿರಿ, ಕನ್ನಡದಲ್ಲಿ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮೂಲಕ ನಮಗೆ ದಕ್ಕಿದ ಕಥೆ ಅದು. ಚಾಂಡಾಲ ಕನ್ಯೆಯೊಬ್ಬಳು ಶೂದ್ರಕ ರಾಜನ ಆಸ್ಥಾನಕ್ಕೆ ಗಿಳಿಯೊಂದನ್ನು ತರುತ್ತಾಳೆ. ಅದರ ಹೆಸರು ಮಿಠ್ಠು ಅಲ್ಲ, ವೈಶಂಪಾಯನ. ರಾಜ ಅದರ ಜಾಣ್ಮೆಗೆ ಬೆರಗಾಗಿ, ನೀನು ಯಾರು, ಎಲ್ಲಿ ಹುಟ್ಟಿದೆ, ಪಂಜರಕ್ಕೆ ಹೇಗೆ ಬಂದೆ ಎಂದು ಕೇಳುತ್ತಾನೆ. ಕೇಳಿದ್ದಕ್ಕೆ ಗಿಳಿ ತನ್ನ ಜೀವನಚರಿತ್ರೆಯನ್ನು ಹೇಳುತ್ತದೆ. ವಿಂಧ್ಯಾಟವಿಯ ಬೂರುಗದ ಮರ, ಅದರ ಪೊಟರೆಗಳಲ್ಲಿ ಗಿಳಿಗಳ ಸಂಸಾರ, ಒಂದು ದಿನ ಮರ ಹತ್ತಿ ಬಂದ ಮುದಿ ಬೇಟೆಗಾರ, ಕತ್ತು ಮುರಿದು ನೆಲಕ್ಕೆಸೆದ ಮರಿಗಳು, ರೆಕ್ಕೆಯಡಿ ಮರಿಯನ್ನು ಅಡಗಿಸಿಕೊಂಡೇ ಪ್ರಾಣಬಿಟ್ಟ ತಂದೆ, ತರಗೆಲೆಗಳ ನಡುವೆ ಬಿದ್ದು ಬದುಕುಳಿದ ಮರಿ. ಒಂದು ಗಿಳಿಗೆ ಮಾತು ಬಂದರೆ, ಕೇಳುವ ಕಿವಿಯೂ ಸಿಕ್ಕರೆ ಅದು ಮೊದಲು ಹೇಳುವುದು ಏನನ್ನು? ತನ್ನ ಗೂಡು ಲೂಟಿಯಾದ ಕಥೆಯನ್ನು. ಬಾಣನಿಗೆ ತಿಳಿದದ್ದು ನಮಗೆ ತಿಳಿಯದೆ ಹೋಯಿತು. ಹಾಗೆಯೇ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸಿದವರಲ್ಲಿ ಗಿಳಿಗಳೂ ಇದ್ದವು. ಅವಳು ಅವುಗಳಿಗೆ ಏನನ್ನೂ ಕಲಿಸಹೋಗಲಿಲ್ಲ. ಕಂಡಿರಬಹುದಾದವರನ್ನು ಕೇಳುವ ಹಾಗೆ ಕೇಳಿದಳು.

ಕಾವ್ಯದ ಸಾಕ್ಷ್ಯ ಸಾಲದೆನ್ನುವವರಿಗೆ ವಿಜ್ಞಾನದ್ದೂ ಇದೆ. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ಸಂಶೋಧಕಿ ಅಮೆರಿಕದ ಷಿಕಾಗೋದ ಅಂಗಡಿಯೊಂದರಿಂದ ಆಫ್ರಿಕನ್ ಗ್ರೇ ಗಿಳಿಯೊಂದನ್ನು ತಂದರು. ಯಾವ ಹಕ್ಕಿ ಎಂಬ ಆಯ್ಕೆಯನ್ನು ಅಂಗಡಿಯವರಿಗೇ ಬಿಟ್ಟಿದ್ದರು; ಜಾಣ ಹಕ್ಕಿಯನ್ನು ಹುಡುಕಿ ತಂದರೆಂಬ ಆಕ್ಷೇಪ ಬರಬಾರದಲ್ಲ! ಅಲೆಕ್ಸ್ ಎಂಬ ಆ ಗಿಳಿ ಮುಂದಿನ ಮೂವತ್ತು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಪದಗಳನ್ನು ಕಲಿತು, ಬಣ್ಣ, ಆಕಾರ, ವಸ್ತುಗಳನ್ನು ಹೆಸರಿಸಿ, ಆರರವರೆಗೆ ಎಣಿಸಿ, ಎರಡು ವಸ್ತುಗಳ ನಡುವೆ ಏನೂ ವ್ಯತ್ಯಾಸವಿಲ್ಲದಿದ್ದಾಗ ‘ಇಲ್ಲ’ ಎಂದು ಹೇಳುವಷ್ಟು ಬೆಳೆಯಿತು. 2007ರ ಸೆಪ್ಟೆಂಬರ್ 6ರಂದು ಅದು ಸತ್ತಾಗ ಜಗತ್ತಿನ ದೊಡ್ಡ ಪತ್ರಿಕೆಗಳು ಸುದ್ದಿ ಮಾಡಿದವು. ನಮಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೆರಡು ಸಂಗತಿಗಳು. ಬೇಸರ ಬಂದಾಗ ಅಲೆಕ್ಸ್ ಬೇಕೆಂದೇ ತಪ್ಪು ಉತ್ತರ ಕೊಡುತ್ತಿತ್ತು, ತನ್ನ ಜಾಗಕ್ಕೆ ವಾಪಸು ಕಳಿಸಿ ಎಂದು ಹೇಳುತ್ತಿತ್ತು. ಮತ್ತೊಂದು, ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಕಲಿತ ಗ್ರಿಫಿನ್ ಎಂಬ ಅದೇ ಜಾತಿಯ ಗಿಳಿ ಅಲೆಕ್ಸ್‌ನಂತೆ ಮಾತುಗಾರನಾಗಲಿಲ್ಲ. ಅದು ಬೇರೆಯೇ ಸ್ವಭಾವದ ಹಕ್ಕಿ. ವಿಜ್ಞಾನಿಗಳ ಕೈಯಲ್ಲೇ ಎರಡು ಗಿಳಿಗಳು ಒಂದಾಗದಿದ್ದಾಗ, ಒಂದೂವರೆ ಕೋಣೆಯ ಮನೆಯಲ್ಲಿ ನಾವು ತಂದ ಗಿಳಿ ಯೂಟ್ಯೂಬಿನ ಗಿಳಿಯಂತೆ ಹಾಡಬೇಕೆಂದು ಹಟ ಹಿಡಿಯುವುದು ಯಾವ ನ್ಯಾಯ?

ಇನ್ನೊಂದು ಸಂಶೋಧನೆ ಈ ಬರಹದ ತಲೆಬರಹಕ್ಕೇ ಸಂಬಂಧಿಸಿದ್ದು. ದಕ್ಷಿಣ ಅಮೆರಿಕದ ವೆನಿಜುವೆಲಾದಲ್ಲಿ ಪುಟ್ಟ ಹಸಿರು ಗಿಳಿಗಳ ಗೂಡುಗಳನ್ನು ಅಭ್ಯಸಿಸಿದ ಕಾರ್ಲ್ ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮರಿಗಳು ಇನ್ನೂ ಕೂಗಲು ಕಲಿಯುವ ಮೊದಲೇ ತಂದೆತಾಯಿ ಗಿಳಿಗಳು ಒಂದೊಂದು ಮರಿಗೂ ಒಂದೊಂದು ಬಗೆಯ ಕರೆಯನ್ನು ಬಳಸುತ್ತವೆ. ಮರಿ ಅದನ್ನೇ ಕಲಿತು, ತುಸು ಬದಲಿಸಿ, ತನ್ನ ಗುರುತಾಗಿ ಇಟ್ಟುಕೊಳ್ಳುತ್ತದೆ. ಮೊಟ್ಟೆಗಳನ್ನು ಬೇರೆ ಗೂಡಿಗೆ ಬದಲಿಸಿದಾಗ ಮರಿಗಳು ಸಾಕುತಂದೆತಾಯಿಯ ಕರೆಗಳನ್ನೇ ಕಲಿತವು. ಅಂದರೆ ನಾಮಕರಣವೆನ್ನಬಹುದಾದ ಸಂಪ್ರದಾಯವೊಂದು ಗಿಳಿಗಳ ಸಂಸಾರದಲ್ಲಿದೆ. ಅಲ್ಲಿ ಎಲ್ಲ ಮರಿಗಳಿಗೂ ಒಂದೇ ಹೆಸರಿಡುವ ಸೋಮಾರಿತನವಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮ ಬಳಗದ ಕೆಲವು ಮನೆಗಳಲ್ಲಿ ಕಾಕಟೀಲ್, ಲವ್‌ಬರ್ಡ್, ಬಡ್ಜಿಗಳಿವೆ. ಅವುಗಳನ್ನು ವರ್ಷಗಟ್ಟಲೆ ನೋಡಿ ಬರೆಯುತ್ತಿದ್ದೇವೆ. ಗಿಳಿ ತರುವವರು ಸಾಮಾನ್ಯವಾಗಿ ಬಯಸುವುದು ಮೂರು: ಅದು ಮಾತಾಡಬೇಕು, ಕೈಮೇಲೆ ಕೂರಬೇಕು, ಉಳಿದ ಹೊತ್ತು ಸುಮ್ಮನಿರಬೇಕು. ಸಿಗುವುದು ಬೇರೆ. ಹೊತ್ತು ಮೂಡುವಾಗ ಮತ್ತು ಹೊತ್ತು ಮುಳುಗುವಾಗ ಗಿಳಿ ಕಿವಿ ಒಡೆಯುವಂತೆ ಕಿರುಚುತ್ತದೆ. ಕಾಡಿನಲ್ಲಿ ಹಿಂಡಿನವರನ್ನು ಕರೆದು ಕೂಡಿಸುವ ಹೊತ್ತು ಅದು. ಮನೆಯ ಜನರೇ ಅದಕ್ಕೆ ಹಿಂಡು; 7.42ರ ಫಾಸ್ಟ್ ಲೋಕಲ್ ಹಿಡಿಯಲು ಎಲ್ಲರೂ ಬಾಗಿಲು ಎಳೆದುಕೊಂಡು ಹೋದಾಗ ಹಿಂಡು ಚದುರಿತೆಂದೇ ಅದರ ಲೆಕ್ಕ. ಸಂಜೆ ಬಂದವರ ಕೈಗೆ ಕುಕ್ಕಿದರೆ ಅದನ್ನು ಸೊಕ್ಕು ಎನ್ನುತ್ತೇವೆ. ಅದು ಹಗಲೆಲ್ಲ ಒಂಟಿಯಾಗಿ ಕಳೆದ ಹನ್ನೆರಡು ಗಂಟೆಗಳ ಲೆಕ್ಕ ಒಪ್ಪಿಸುತ್ತಿದೆ ಎಂದು ನಮಗೆ ಹೊಳೆಯುವುದಿಲ್ಲ.

ಗಿಳಿ ಯಾರನ್ನು ಹಚ್ಚಿಕೊಳ್ಳುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ. ದುಡ್ಡು ಕೊಟ್ಟು ತಂದವರನ್ನು, ಕಾಳು ಹಾಕುವವರನ್ನು ಬಿಟ್ಟು ದಿನಕ್ಕೊಮ್ಮೆ ಬರುವ ಮನೆಗೆಲಸದ ಬಾಯಿಯ ಭುಜವನ್ನೇ ಅದು ಮೆಚ್ಚಬಹುದು. ಅವರ ಮರಾಠಿಯನ್ನೇ ಮೊದಲು ಕಲಿಯಬಹುದು. ಒಂದು ಗಿಳಿಗೆ ಹೊಸ ಆಟಿಕೆ ಕಂಡರೆ ಕುತೂಹಲ, ಇನ್ನೊಂದಕ್ಕೆ ಎರಡು ದಿನ ನಡುಕ. ಒಂದು ತಲೆ ಬಾಗಿಸಿ ಕೆರೆಸಿಕೊಳ್ಳುತ್ತದೆ, ಇನ್ನೊಂದು ಪಕ್ಕದಲ್ಲಿ ಕೂರುತ್ತದೆಯೇ ಹೊರತು ಮುಟ್ಟಗೊಡುವುದಿಲ್ಲ. ಒಂದು ಇಡೀ ದಿನ ವಟಗುಟ್ಟುತ್ತದೆ, ಇನ್ನೊಂದು ಬದುಕೆಲ್ಲ ಮಾತಾಡದೆ ಪ್ರೆಷರ್ ಕುಕ್ಕರಿನ ಸೀಟಿಯನ್ನಷ್ಟೇ ಕಲಿಯುತ್ತದೆ. ತಿಂದದ್ದನ್ನು ಕಕ್ಕಿ ನಿಮ್ಮ ಕೈಮೇಲಿಟ್ಟರೆ ಅದು ರೋಗವೇ ಆಗಿರಬೇಕಿಲ್ಲ. ಸಂಗಾತಿಗೆ ಗುಟುಕು ಕೊಡುವ ಪ್ರೀತಿಯ ರೀತಿಯೂ ಹೌದು. ಇವೆಲ್ಲ ಸ್ವಭಾವಗಳು, ತಿದ್ದಬೇಕಾದ ದೋಷಗಳಲ್ಲ. ನಿಜವಾದ ದೋಷ ಕಾಣಿಸಿಕೊಳ್ಳುವುದು ಸ್ವಭಾವವನ್ನು ಹತ್ತಿಕ್ಕಿದಾಗ. ಬೇಸರಕ್ಕೆ, ಒಂಟಿತನಕ್ಕೆ ಸಿಕ್ಕಿದ ಗಿಳಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ, ಎದೆ ಬೋಳಾಗುವವರೆಗೆ.

ಒಪ್ಪಿಕೊಳ್ಳುವುದೆಂದರೆ ‘ಅದು ಹಾಗೇ ಬಿಡಿ’ ಎಂದು ಕೈಚೆಲ್ಲುವುದಲ್ಲ. ಮನೆಯ ವ್ಯವಸ್ಥೆಯೇ ಬದಲಾಗಬೇಕಾಗುತ್ತದೆ. ಗಿಳಿಗೆ ಹತ್ತರಿಂದ ಹನ್ನೆರಡು ಗಂಟೆಗಳ ಕತ್ತಲಿನ ನಿದ್ರೆ ಬೇಕು. ಮಧ್ಯರಾತ್ರಿಯವರೆಗೆ ಟಿವಿ ಉರಿಯುವ ಹಾಲ್‌ನಲ್ಲಿ ಅದು ಸಿಗುವುದಿಲ್ಲ. ನಾನ್‌ಸ್ಟಿಕ್ ಕಾವಲಿ ವಿಪರೀತ ಕಾದರೆ ಹೊರಡುವ ಅನಿಲ ನಮ್ಮ ಮೂಗಿಗೆ ತಾಗದಿದ್ದರೂ ಹಕ್ಕಿಯ ಪುಪ್ಪುಸವನ್ನು ನಿಮಿಷಗಳಲ್ಲಿ ಕೆಡಿಸಿ ಕೊಲ್ಲಬಲ್ಲದು. ಅಡುಗೆಮನೆಗೂ ಹಾಲ್‌ಗೂ ನಡುವೆ ಪರದೆಯಷ್ಟೇ ಇರುವ ನಮ್ಮ ಮನೆಗಳಲ್ಲಿ ದೋಸೆ ಹುಯ್ಯುವವರು ಇದನ್ನು ತಿಳಿದಿರಲೇಬೇಕು. ಊದುಬತ್ತಿ, ಧೂಪದ ಹೊಗೆಯೂ ಅದಕ್ಕೆ ಹಿತವಲ್ಲ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ಹಸಿಮೆಣಸಿನಕಾಯಿಯನ್ನು ಅದು ಚಪ್ಪರಿಸುವುದು ಕಂಡು ನಾವು ಬೆರಗಾಗುತ್ತೇವೆ. ಹಕ್ಕಿಗಳ ನರಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿದ ಗಿಳಿಯ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು ಆಯುಸ್ಸು: ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ, ಆಫ್ರಿಕನ್ ಗ್ರೇ ನಲವತ್ತು ದಾಟಿಯೂ ಬಾಳುತ್ತದೆ. ಮಗನ ಹುಟ್ಟುಹಬ್ಬಕ್ಕೆಂದು ತಂದ ಗಿಳಿ ಅವನ ಮದುವೆಯನ್ನೂ ನೋಡುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಬಂತೆಂದು ನಡುವೆ ಅದನ್ನು ‘ಯಾರಿಗಾದರೂ ಕೊಟ್ಟುಬಿಡುವ’ವರನ್ನು ನಾವು ಪ್ರಾಣಿಪ್ರಿಯರೆಂದು ಕರೆಯಲಾರೆವು.

ಗಿಳಿಯ ಸ್ವಭಾವವನ್ನು ಲೆಕ್ಕಿಸದ ಸಮಾಜ ಎಂಥ ನಗೆಪಾಟಲಿಗೆ ಸಿಲುಕುತ್ತದೆಂಬುದಕ್ಕೆ ನಾವಿರುವ ಮಹಾರಾಷ್ಟ್ರದಲ್ಲೇ ಉದಾಹರಣೆಗಳಿವೆ. 2015ರ ಆಗಸ್ಟ್‌ನಲ್ಲಿ ಚಂದ್ರಪುರ ಜಿಲ್ಲೆಯ ರಾಜೂರಾದಲ್ಲಿ ವೃದ್ಧೆಯೊಬ್ಬರು, ಗಿಳಿಯೊಂದು ತಮ್ಮನ್ನು ಕಂಡಾಗಲೆಲ್ಲ ಬೈಯುತ್ತದೆ, ಮನೆತನದ ಜಗಳಕ್ಕಾಗಿ ಅದಕ್ಕೆ ಹಾಗೆ ಕಲಿಸಲಾಗಿದೆ ಎಂದು ದೂರು ಕೊಟ್ಟರು. ಪೊಲೀಸರು ಗಿಳಿಯನ್ನು ಠಾಣೆಗೆ ತರಿಸಿ ಅವರ ಎದುರು ನಿಲ್ಲಿಸಿದರು. ಗಿಳಿ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಲಾಯಿತು. ದೇಶವೆಲ್ಲ ನಕ್ಕಿತು. ಮನುಷ್ಯರ ಜಗಳದ ಹೊಲಸನ್ನು ಹೊರುವ ಪಾತ್ರೆಯಾಗಿ ಒಂದು ಹಕ್ಕಿಯನ್ನು ಬಳಸಲಾಗಿದೆ ಎಂಬುದೇ ಆ ದೂರಿನ ತಿರುಳಾಗಿತ್ತು. ಅದರ ಬಗ್ಗೆ ಯೋಚಿಸಿದವರು ಕಡಿಮೆ. 2022ರ ಆಗಸ್ಟ್‌ನಲ್ಲಿ ಪುಣೆಯ ಖಡಕಿ ಪೊಲೀಸರಲ್ಲಿ ಇನ್ನೊಂದು ದೂರು ದಾಖಲಾಯಿತು: ನೆರೆಮನೆಯ ಗಿಳಿ ಸದಾ ಕಿರುಚುತ್ತದೆ, ಸಿಳ್ಳೆ ಹಾಕುತ್ತದೆ ಎಂದು. ದೂರಿದವರ ಸಂಕಟ ನಿಜವಿರಬಹುದು. ಗೋಡೆಗೆ ಗೋಡೆ ತಾಗಿದ ನಮ್ಮ ಸೊಸೈಟಿಗಳಲ್ಲೂ ನಾಳೆ ಅದೇ ದೂರು ಬರಬಹುದು. ಆದರೆ ಕಿರುಚುವುದು ಗಿಳಿಯ ಅಪರಾಧವಲ್ಲ. ಕಿರುಚುವ ಜೀವವನ್ನು ತೆಳುಗೋಡೆಯ ಮನೆಗೆ ತಂದವರು ಅದಕ್ಕೂ ನೆರೆಯವರಿಗೂ ಉತ್ತರ ಹೇಳಬೇಕು.

ಇದಕ್ಕೆ ಎದುರಾಗಿ ನಮ್ಮ ತುಮಕೂರಿನ ಒಂದು ಪ್ರಸಂಗ. 2022ರ ಜುಲೈಯಲ್ಲಿ ಅಲ್ಲಿನ ಕುಟುಂಬವೊಂದರ ರುಸ್ತುಮ ಎಂಬ ಆಫ್ರಿಕನ್ ಗ್ರೇ ಹಾರಿಹೋಯಿತು. ಮನೆಯವರು ಊರೆಲ್ಲ ಭಿತ್ತಿಪತ್ರ ಅಂಟಿಸಿ, 50,000 ರೂಪಾಯಿ ಬಹುಮಾನ ಘೋಷಿಸಿ, ಕೊನೆಗೆ ಹುಡುಕಿಕೊಟ್ಟವರಿಗೆ 85,000 ರೂಪಾಯಿ ಕೊಟ್ಟರು. ಅಷ್ಟು ದುಡ್ಡಿಗೆ ಇನ್ನೊಂದು ಗಿಳಿ ಬರುತ್ತಿತ್ತಲ್ಲ ಎಂದು ಆಗ ಹಲವರು ಕುಹಕವಾಡಿದರು. ನಾವು ಆ ಕುಟುಂಬದ ಪರ. ಕಳೆದುಹೋದ ರುಸ್ತುಮನ ಜಾಗಕ್ಕೆ ಇನ್ನೊಂದು ಗಿಳಿ ಬರಲಾರದು ಎಂದು ಅವರಿಗೆ ಗೊತ್ತಿತ್ತು. ಆ ಹಕ್ಕಿಗೆ ನಿಜವಾಗಿಯೂ ಒಂದು ಹೆಸರಿತ್ತು.

ಪಂಜರಗಳನ್ನೆಲ್ಲ ಈಗಲೇ ತೆರೆದು ಎಲ್ಲವನ್ನೂ ಹಾರಿಬಿಡಿ ಎನ್ನುವವರೂ ಇದ್ದಾರೆ. 2015ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ ಎಂದು ಹೇಳಿದ್ದನ್ನು ಅವರು ಉಲ್ಲೇಖಿಸುತ್ತಾರೆ. ಆ ಮಾತಿನ ಆಶಯವನ್ನು ನಾವು ಒಪ್ಪುತ್ತೇವೆ. ಆದರೆ ಆಸ್ಟ್ರೇಲಿಯಾ ಮೂಲದ, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದ ಕಾಕಟೀಲನ್ನು ಕಲ್ಯಾಣದ ಕಾಗೆ, ಹದ್ದುಗಳ ನಡುವೆ ಬಿಟ್ಟರೆ ಅದು ಬಿಡುಗಡೆಯಲ್ಲ, ಕೈ ತೊಳೆದುಕೊಳ್ಳುವ ಉಪಾಯ. ತಂದ ಮೇಲೆ ಬಾಳಿಸಬೇಕು. ಇಂಥ ಹಲವು ವಿದೇಶಿ ಜಾತಿಗಳಿಗೆ 2024ರಿಂದ ನೋಂದಣಿಯೂ ಕಡ್ಡಾಯವಾಗಿದೆ. ಆಫ್ರಿಕನ್ ಗ್ರೇ ಸಾಕಿದವರು ಅದನ್ನು ಮುಗಿಸಿರಬೇಕು.

ನಮ್ಮ ಹಸಿರು ಗಿಳಿಯ ವಿಷಯ ಬೇರೆ. ಕೊರಳಲ್ಲಿ ಗುಲಾಬಿ ಕಂಠಿಯಿರುವ ಸಾಮಾನ್ಯ ಗಿಳಿಯಾಗಲಿ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿಯಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇವುಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ದೇಶಿ ಹಕ್ಕಿಗಳ ವ್ಯಾಪಾರ ನಿಂತುಹೋಗಬೇಕಾಗಿದ್ದುದು 1990ರ ದಶಕದ ಆರಂಭದಲ್ಲೇ. ಸೆರೆವಾಸ, ದಂಡಗಳ ಭಯ ತೋರಿಸುವುದು ನಮ್ಮ ಉದ್ದೇಶವಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಮರದ ಪೊಟರೆಗಳಿಂದ ಕಿತ್ತ, ಇನ್ನೂ ಗರಿ ಬಲಿಯದ ಮರಿಗಳು ಇಕ್ಕಟ್ಟಿನ ಬುಟ್ಟಿಗಳಲ್ಲಿ ಸಾಗಿ ಬರುತ್ತವೆ. ದಾರಿಯಲ್ಲಿ ಸತ್ತವುಗಳ ಲೆಕ್ಕ ಕೊಳ್ಳುವವರಿಗೆ ಯಾರೂ ಕೊಡುವುದಿಲ್ಲ. ವೈಶಂಪಾಯನ ಹೇಳಿದ ಕಥೆ ಇದೇ ಅಲ್ಲವೇ? ಲಕ್ಷ್ಮಿ ಬಂದಳು, ಶುಭಶಕುನ ಎಂದು ಅದನ್ನು ಮನೆಗೆ ತರುವವರಿಗೆ, ಮದುರೆಯ ಮೀನಾಕ್ಷಿಯ ಕೈಯಲ್ಲಿ ಗಿಳಿಯಿದೆ ಎಂದು ಸಮರ್ಥಿಸುವವರಿಗೆ ನಮ್ಮ ಉತ್ತರ ಸರಳ: ಮೀನಾಕ್ಷಿಯ ಗಿಳಿ ಅವಳ ಕೈಮೇಲಿದೆ, ಪಂಜರದಲ್ಲಿಲ್ಲ. ಈಗಾಗಲೇ ಮನೆಯಲ್ಲಿ ಇಂಥ ಗಿಳಿ ಇದ್ದರೆ ಕಿಟಕಿಯಿಂದ ಹಾರಿಬಿಡಬೇಡಿ. ಹಾರಲು, ಆಹಾರ ಹುಡುಕಲು ಅದು ಕಲಿಯಬೇಕಾಗುತ್ತದೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ ಒಪ್ಪಿಸಿ.

ಇಷ್ಟೆಲ್ಲ ಹೇಳಿದಾಗ ‘ನೀವು ಹಕ್ಕಿಗೆ ಮನುಷ್ಯರ ಗುಣ ಹಚ್ಚುತ್ತಿದ್ದೀರಿ’ ಎಂಬ ಆಕ್ಷೇಪ ಬರುತ್ತದೆ. ಮನುಷ್ಯಗುಣ ಹಚ್ಚುವವರು ನಾವಲ್ಲ. ‘ರಾಮ್ ರಾಮ್’ ಎನ್ನಿಸಿ, ಅತಿಥಿಗಳಿಗೆ ‘ಬನ್ನಿ’ ಹೇಳಿಸಿ, ಹುಟ್ಟುಹಬ್ಬಕ್ಕೆ ಟೋಪಿ ತೊಡಿಸಿ ರೀಲ್ಸ್ ಮಾಡುವವರು ಅದನ್ನು ಕುಬ್ಜ ಮನುಷ್ಯನನ್ನಾಗಿ ಮಾಡುತ್ತಿದ್ದಾರೆ. ಗಿಳಿ ಗಿಳಿಯಾಗಿಯೇ ಇರಲಿ, ಆದರೆ ಇಂಥದೇ ಗಿಳಿಯಾಗಿರಲಿ ಎನ್ನುವುದಷ್ಟೇ ನಮ್ಮ ಕೋರಿಕೆ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಮಾತು ಇತರರಿಗಿಂತ ಬೇಗ ಅರ್ಥವಾಗಬೇಕಿತ್ತು. ಊರಿನಿಂದ ಅಜ್ಜ ಬಂದಾಗ ಮಗುವನ್ನು ಹಾಲ್‌ನ ನಡುವೆ ನಿಲ್ಲಿಸಿ ಕನ್ನಡದಲ್ಲೊಂದು ಪದ್ಯ ಹೇಳು ಎಂದು ಒತ್ತಾಯಿಸುತ್ತೇವೆ. ಮಗು ಮರಾಠಿಯಲ್ಲಿ ಉತ್ತರಿಸಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಅದೇ ಮಗು ರಾತ್ರಿ ಅಜ್ಜಿಯ ಕನ್ನಡದ ಕಥೆಗೆ ಕಣ್ಣರಳಿಸಿ ಕೂತದ್ದನ್ನು ಗಮನಿಸುವುದಿಲ್ಲ. ಅಪ್ಪಣೆಗೆ ಬಾಯಿಬಿಡದ ಜೀವವೂ ಕೇಳಿಸಿಕೊಳ್ಳುತ್ತಿರುತ್ತದೆ. ಭಾಷೆಯನ್ನೂ ಹಕ್ಕಿಯನ್ನೂ ಮಕ್ಕಳನ್ನೂ ಪ್ರದರ್ಶನಕ್ಕಿಟ್ಟೇ ಪ್ರೀತಿಸುವ ಅಭ್ಯಾಸವನ್ನು ನಾವು ಬಿಡಬೇಕು.

ಹಾಗಾಗಿ ಗಿಳಿ ಬೇಕೆನ್ನುವ ಬಂಧುಗಳಲ್ಲಿ ನಮ್ಮ ವಿನಂತಿ ಇದು. ಮೊದಲು ಒಂದು ಚಳಿಗಾಲದ ಬೆಳಗ್ಗೆ ಥಾಣೆಯ ಯೇವೂರು ಗುಡ್ಡದ ದಾರಿಯಲ್ಲೋ, ಪನವೇಲ್ ಬಳಿಯ ಕರ್ನಾಳಾ ಪಕ್ಷಿಧಾಮದಲ್ಲೋ ನಡೆದು ಬನ್ನಿ. ಅಷ್ಟು ದೂರವೂ ಬೇಡ, ಸೊಸೈಟಿಯ ಹಳೆಯ ಮಳೆಮರದ ಕೆಳಗೆ ಅರ್ಧ ಗಂಟೆ ನಿಲ್ಲಿ. ಗಿಳಿ ತನ್ನವರೊಡನೆ ಹೇಗಿರುತ್ತದೆಂದು ನೋಡಿ. ಆಮೇಲೂ ಮನೆಗೆ ಬೇಕೆನಿಸಿದರೆ, ಸಾಕಲು ಕಾನೂನು ಒಪ್ಪುವ ಹಕ್ಕಿಯನ್ನು, ಈಗಾಗಲೇ ಯಾರೋ ಬೇಡವೆಂದು ಬಿಟ್ಟದ್ದನ್ನೇ ಆದಷ್ಟು ತನ್ನಿ. ತಂದ ದಿನವೇ ಹೆಸರಿಡಲು ಅವಸರಪಡಬೇಡಿ. ಅದು ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ರೆಕ್ಕೆ ಬಡಿಯುತ್ತದೆ, ಯಾರ ಹೆಜ್ಜೆ ಸಪ್ಪಳಕ್ಕೆ ಕೊರಳೆತ್ತುತ್ತದೆ ಎಂದು ಒಂದು ತಿಂಗಳು ಗಮನಿಸಿ. ಅದು ಮಾತಾಡಿದರೆ ಸಂತೋಷಪಡಿ, ಆಡದಿದ್ದರೆ ಸುಮ್ಮನೆ ಜೊತೆಗಿರಿ. ಹೆಸರು ಅಷ್ಟರಲ್ಲಿ ತಾನಾಗಿ ಹೊಳೆಯುತ್ತದೆ. ಅದು ಮಿಠ್ಠು ಆಗಿರುವುದಿಲ್ಲ ಎಂದು ನಾವು ಪಣ ಕಟ್ಟುತ್ತೇವೆ.